ಕೋವಿಯ ಕತ್ತು

ಮನುಷ್ಯನಿಗೆ ಹೇಗೋ ಹಾಗೆಯೇ ಕೋವಿಗೂ ಕತ್ತೇ ದುರ್ಬಲವಾದ ಭಾಗ. ನಳಿಗೆ ಉಕ್ಕಿನದು, ಅದಕ್ಕೆ ತುಕ್ಕು ಹಿಡಿಯಬಹುದು, ಬಹಳವಾದರೆ ಅದು ಬಾಗಬಹುದು. ಭುಜಕ್ಕೆ ಆನಿಸುವ ಹಿಂಬದಿಯಾದರೋ ದಪ್ಪನೆಯ ಮರ. ಮಕ್ಕಳು ಅದನ್ನು ಕ್ರಿಕೆಟ್ ದಾಂಡು ಮಾಡಿಕೊಂಡರೂ ತಾಳೀತು. ಇವೆರಡರ ನಡುವೆ ಕೈಹಿಡಿತಕ್ಕೆಂದು ತೆಳ್ಳಗೆ ಕೆತ್ತಿದ, ಗೇಣಿಗಿಂತ ಕಡಮೆ ಉದ್ದದ ಒಂದು ಜಾಗವಿದೆಯಲ್ಲ, ಕೇಡೆಲ್ಲ ಅಲ್ಲಿಯೇ. ಮೇಲಿನಿಂದ ಒಂದು ಕಬ್ಬಿಣದ ಬಾಲವನ್ನು ಕೂರಿಸಲು ಅಲ್ಲಿ ಮರವನ್ನು ಕೊರೆದಿರುತ್ತಾರೆ. ಕೆಳಗಿನಿಂದ ಬೆರಳಿನ ಕೀಲಿಗೆ ಮತ್ತೊಮ್ಮೆ ಕೊರೆದಿರುತ್ತಾರೆ. ಇವೆರಡನ್ನೂ ಬಿಗಿಯುವುದಕ್ಕೆ ನಡುವೆ ಒಂದು ತಿರುಪುಮೊಳೆಯನ್ನು ಆರುಪಾರು ಹೊಡೆದಿರುತ್ತಾರೆ. ಇಷ್ಟೆಲ್ಲ ಆದ ಮೇಲೆ ಉಳಿಯುವ ಮರವೆಷ್ಟು? ಎಡಕ್ಕೊಂದು ಬಲಕ್ಕೊಂದು ತೆಳುಗೋಡೆ. ತೋಟೆ ಸಿಡಿದಾಗಿನ ಒದೆತವೆಲ್ಲ ಈ ಇಕ್ಕಟ್ಟಿನ ಓಣಿಯಿಂದಲೇ ಹಾದು ಭುಜವನ್ನು ಸೇರಬೇಕು.

ನಮ್ಮ ಬೀದರಿನ ಕಡೆ ಈ ಮರದ ಭಾಗವನ್ನೆಲ್ಲ ಸೇರಿಸಿ ಕುಂದಾ ಎನ್ನುತ್ತಾರೆ. ನಮ್ಮ ಮನೆಯ ಬಂದೂಕಿನ ಕುಂದಾ ಮುರಿದದ್ದು ಹೋದ ವರ್ಷದ ಮಳೆಗಾಲದಲ್ಲಿ. ಔರಾದ್ ತಾಲ್ಲೂಕಿನ ನಮ್ಮ ಹಳ್ಳಿಮನೆಯ ಮಣ್ಣಿನ ಗೋಡೆ ಮೂರು ದಿನದ ಜಡಿಮಳೆಗೆ ನೆನೆದು, ಗೂಟ ಸಡಿಲಿ, ಬಂದೂಕು ನೆಟ್ಟಗೆ ಬೀಸುಕಲ್ಲಿನ ಮೇಲೆ ಬಿತ್ತು. ಯಾರ ತಪ್ಪೂ ಅಲ್ಲ. ಗೋಡೆಗೂ ವಯಸ್ಸಾಗಿತ್ತು, ಬಂದೂಕಿಗೂ ವಯಸ್ಸಾಗಿತ್ತು.

ಬಂದೂಕು ಎಂದೊಡನೆ ವಾಚಕರು ನವಾಬರ ಬೆಳ್ಳಿಯ ಕೆತ್ತನೆಯ ಆಯುಧವನ್ನು ಊಹಿಸಿಕೊಳ್ಳಬಾರದು. ಇದು ಒಂಟಿನಳಿಗೆಯ, ಕುದುರೆ ಹೊರಗೇ ಕಾಣುವ, 12 ಬೋರಿನ ಅಗ್ಗದ ಸರಕು. ಈ ಹನ್ನೆರಡರ ಲೆಕ್ಕ ಸ್ವಾರಸ್ಯವಾದದ್ದು: ಒಂದು ಪೌಂಡು ಸೀಸವನ್ನು ಹನ್ನೆರಡು ಸಮಗುಂಡುಗಳಾಗಿ ಎರಕ ಹೊಯ್ದರೆ, ಅಂಥ ಒಂದು ಗುಂಡು ಹಿಡಿಸುವಷ್ಟು ಅಗಲದ ನಳಿಗೆ, ಸುಮಾರು ಹದಿನೆಂಟೂವರೆ ಮಿಲಿಮೀಟರು. ನಮ್ಮದರ ಮೇಲೆ ತಯಾರಿಸಿದವನ ಹೆಸರೇ ಇಲ್ಲ. ನಳಿಗೆಯ ಅಡಿಯಲ್ಲಿ ಮೊಟ್ಟೆಯಾಕಾರದ ಒಂದು ಸಣ್ಣ ಮುದ್ರೆ, ಅದರೊಳಗೆ ಇ, ಎಲ್, ಜಿ ಎಂಬ ಮೂರು ಅಕ್ಷರ, ಕೆಳಗೊಂದು ನಕ್ಷತ್ರ. ಬೆಲ್ಜಿಯಂ ದೇಶದ ಲಿಯೇಜ್ ಪಟ್ಟಣದಲ್ಲಿ ನಳಿಗೆಗಳನ್ನು ಪರೀಕ್ಷಿಸಿ ಒತ್ತುತ್ತಿದ್ದ ಮುದ್ರೆ ಅದು. ಆ ಊರಿನಿಂದ ಹೆಸರಿಲ್ಲದ ಅಗ್ಗದ ಬಂದೂಕುಗಳು ಹಡಗು ಹಡಗಾಗಿ ಲೋಕದ ಮೂಲೆಮೂಲೆಗೆ ಹೋಗುತ್ತಿದ್ದುವು. ಅವುಗಳಲ್ಲೊಂದು ಹೇಗೋ ಬಂದು ನಿಜಾಮರ ರಾಜ್ಯದ ಮೂಲೆಯೊಂದರಲ್ಲಿ ನಮ್ಮ ಮುತ್ಯಾನ ಕೈ ಸೇರಿತು. ಹಾಲಿ ಸಿಕ್ಕಾ ರೂಪಾಯಿಯಲ್ಲಿ ಕೊಂಡದ್ದಂತೆ. ಒಂದು ಜೋಡಿ ಎತ್ತಿನ ಬೆಲೆಗಿಂತ ಕಡಮೆಯಂತೆ. ಅದರ ಮೊದಲ ಪರವಾನೆ ಉರ್ದುವಿನಲ್ಲಿದೆ. ಈಗ ನಮ್ಮ ಮನೆಯಲ್ಲಿ ಅದನ್ನು ಓದಬಲ್ಲವರು ಅಪ್ಪ ಒಬ್ಬರೇ.

ಈ ಬಂದೂಕಿಗೆ ಒಂದು ಕೀರ್ತಿ ಇದ್ದಿತು. ಕುಂದಾದ ಕತ್ತಿಗೆ ಸುತ್ತಲೂ ಹಸಿ ತೊಗಲಿನ ಪಟ್ಟಿಯೊಂದನ್ನು ಹೊಲಿದಿತ್ತು. ನಾನು ಕಂಡಂದಿನಿಂದಲೂ ಅದು ಅಲ್ಲಿಯೇ ಇದ್ದು, ಕೈ ಸವೆದು ಸವೆದು ಹುಣಿಸೆಬೀಜದ ಹಾಗೆ ಹೊಳೆಯುತ್ತಿತ್ತು. ಊರಿನಲ್ಲಿ ಪ್ರಚಾರದಲ್ಲಿದ್ದ ಕಥೆ ಇದು: 1948ರಲ್ಲಿ ರಜಾಕಾರರು ನಮ್ಮೂರಿಗೆ ಬಂದಾಗ, ತೋಟೆ ತೀರಿಹೋದ ಮೇಲೂ ಮುತ್ಯಾ ಬಂದೂಕನ್ನು ತಿರುಗಿಸಿ ಹಿಡಿದು ಹೊಡೆದನಂತೆ, ಆ ಏಟಿಗೆ ಕುಂದಾ ಬಿರುಕುಬಿಟ್ಟಿತಂತೆ, ತೊಗಲಿನ ಪಟ್ಟಿ ಆ ಗಾಯದ್ದು. ಆ ವರ್ಷದ ಮೇ ತಿಂಗಳಿನಲ್ಲಿ ಗೋರಟಾದಲ್ಲಿ ಏನು ನಡೆಯಿತೆಂಬುದನ್ನು ಬಲ್ಲ ನಮ್ಮ ಸೀಮೆಯವರಿಗೆ ಇಂಥ ಕಥೆಯನ್ನು ನಂಬಲು ಸಾಕ್ಷಿಗಳೇನೂ ಬೇಕಿರಲಿಲ್ಲ. ನನ್ನ ತಮ್ಮನಿಗಂತೂ ಅದು ಬಾಯಿಪಾಠ. ಪ್ರತಿ ವರ್ಷ ಸೆಪ್ಟೆಂಬರ್ 17ರ ವಿಮೋಚನಾ ದಿನದಂದು ಶಾಲೆಯ ಅಂಗಳದಲ್ಲಿ ಅವನ ಭಾಷಣ, ಭಾಷಣದ ಕೊನೆಗೆ ಮುತ್ಯಾನ ಏಟು, ಏಟಿಗೆ ಚಪ್ಪಾಳೆ. ಅಪ್ಪ ಆ ಹೊತ್ತಿಗೆ ಎಲೆಯಡಿಕೆಯ ಚೀಲ ಹುಡುಕುತ್ತಿರುತ್ತಿದ್ದರು. ಅವರು ಆ ಕಥೆಯನ್ನು ಒಂದು ದಿನವೂ ತಮ್ಮ ಬಾಯಿಂದ ಹೇಳಿದ್ದನ್ನು ನಾನು ಕೇಳಿಲ್ಲ.

ಇರಲಿ. ಮುರಿದ ಬಂದೂಕನ್ನು ಏನು ಮಾಡುವುದು? ಒಪ್ಪಿಸಿಬಿಡೋಣ ಎಂದೆ ನಾನು. ಇದರಿಂದ ಹಂದಿಯನ್ನು ಹೊಡೆಯುವಂತೆಯೂ ಇಲ್ಲ. ವನ್ಯಜೀವಿ ಕಾಯ್ದೆಯ ಪ್ರಕಾರ ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಹೆಚ್ಚೆಂದರೆ ಒಂದು ಸದ್ದು ಮಾಡಿ ಹೆಸರಿನ ಹೊಲದಿಂದ ಹಿಂಡನ್ನು ಬೆದರಿಸಬಹುದು. ಚುನಾವಣೆ ಬಂತೆಂದರೆ ಠಾಣೆಗೆ ಹೋಗಿ ಜಮಾ ಮಾಡಬೇಕು. ಮುಗಿದ ಮೇಲೆ ಹೋಗಿ ತರಬೇಕು. ನಮ್ಮ ಬಂದೂಕು ಹೊಲಕ್ಕಿಂತ ಠಾಣೆಯ ದಾರಿಯನ್ನೇ ಹೆಚ್ಚು ಬಲ್ಲದು. ಆದರೆ ತಮ್ಮ ಒಪ್ಪಲಿಲ್ಲ. 2016ರ ನಿಯಮಗಳ ಪ್ರಕಾರ, ಪರವಾನೆದಾರನಿಗೆ ಎಪ್ಪತ್ತು ತುಂಬಿದ್ದರೆ ಬದುಕಿರುವಾಗಲೇ ವಾರಸುದಾರನ ಹೆಸರಿಗೆ ಅರ್ಜಿ ಹಾಕಬಹುದು. ಅಪ್ಪನಿಗೆ ಎಂಬತ್ತೇಳು. ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು, ಮಾಡಿಸಿಕೊಳ್ಳುವಾಗ ಬಂದೂಕು ಸುಸ್ಥಿತಿಯಲ್ಲಿರಬೇಕು ಎಂದು ಅವನ ಹಟ. ಅಪ್ಪ ಮಾತ್ರ, “ಮಾಡಸ್ರಿ. ಮುರಕಾ ಕೊಟ್ರ ಛಲೋ ಕಾಣಂಗಿಲ್ಲ,” ಎಂದು ಒಂದೇ ಮಾತಿನಲ್ಲಿ ಮುಗಿಸಿದರು.

ಮೊದಲು ಭಾಲ್ಕಿಗೆ ಹೋದೆ. ಅಲ್ಲಿ ಅಪ್ಪನ ಹಳೆಯ ಸ್ನೇಹಿತರಾದ ಬಡಗಿ ಕಾಕಾ ಇದ್ದಾರೆ. ಉರ್ದುವಿನ ಫಲಕ ಹಾಕಿಸಿ ಒಳಗೆ ಕನ್ನಡ ಕಲಿಸಿದ ಚೆನ್ನಬಸವ ಪಟ್ಟದ್ದೇವರ ಊರು ಅದು. ಕಾಕಾ ಕೂಡ ಆ ಮಠದ ನೆರಳಿನಲ್ಲಿ ಅಕ್ಷರ ಕಲಿತವರು. ಬಂದೂಕನ್ನು ಊರಲ್ಲಿಯೇ ಬಿಟ್ಟು, ತಮ್ಮ ಫೋನಿನಲ್ಲಿ ತೆಗೆದ ಚಿತ್ರಗಳನ್ನಷ್ಟೇ ಒಯ್ದಿದ್ದೆ. ಕಾಕಾ ಕನ್ನಡಕ ಏರಿಸಿ ನೋಡಿದರು.

“ತಮ್ಮಾ, ಮಂಚದ ಕಾಲು ಮುರದದಾ? ತಾ, ಸಂಜಿತನಾ ಮಾಡಿ ಕೊಡ್ತೀನಿ. ಇದಕ್ಕ ಮಾತ್ರ ನಾ ಕೈ ಹಚ್ಚಂಗಿಲ್ಲ.”

ಅವರು ಹೇಳಿದ್ದು ಸರಿಯೇ. 1959ರ ಆಯುಧ ಕಾಯ್ದೆಯಲ್ಲಿ ತಯಾರಿಕೆಗೂ ಮಾರಾಟಕ್ಕೂ ಹೇಗೋ ಹಾಗೆ ದುರಸ್ತಿಗೂ ಪರವಾನೆ ಬೇಕು. ಆದರೆ ಬಡಗಿಯ ನಾಲಗೆಗೆ ಪರವಾನೆ ಬೇಡವಷ್ಟೆ! ಮರವನ್ನು ಕುರಿತು ಅವರು ಅರ್ಧ ಗಂಟೆ ಮಾತನಾಡಿದರು. ಮುರಿತ ಓರೆಯಾಗಿ ಉದ್ದಕ್ಕೆ ಹೋಗಿದ್ದರೆ ಭಯವಿಲ್ಲ, ಅಂಟು ಹಿಡಿಯಲು ಜಾಗ ಹೆಚ್ಚು. ಸೌತೆಕಾಯಿ ಮುರಿದ ಹಾಗೆ ಅಡ್ಡ ಮುರಿದಿದ್ದರೆ ಆಸೆ ಬಿಡಬೇಕು ಎಂದರು. ಎಳೆ ಕತ್ತಿನ ಉದ್ದಕ್ಕೂ ಹರಿಯುವಂತೆ ಹಲಗೆಯನ್ನು ಕೊಯ್ಯದೆ, ಮರ ಉಳಿಸಲೆಂದು ಓರೆಯಾಗಿ ಕೊಯ್ದವನು ಆ ವಿಲಾಯತಿಯ ಬಡಗಿ; ಮುರಿತವನ್ನು ಅವನು ಅಂದೇ ಬರೆದಿಟ್ಟಿದ್ದ ಎಂದರು. ಏಳುವ ಹೊತ್ತಿಗೆ ಮುಖ್ಯವಾದ ಮಾತು ಬಂತು: “ಚೂರು ಒಂದೂ ಒಗೀಬ್ಯಾಡ್ರಿ. ಬಿದ್ದ ಜಾಗದಾಗ ಕಸಾ ಹೊಡದದ್ದ ಇದ್ರ ಅದನ್ನೂ ಜರಡಿ ಹಿಡೀರಿ.” ಅಂದು ಸಂಜೆ ಫೋನು ಮಾಡಿ ಹೇಳಿದೆ. ತಮ್ಮನ ಹೆಂಡತಿ ಆಗಲೇ ಆರು ಚೂರುಗಳನ್ನು ಹಾಳೆಯಲ್ಲಿ ಕಟ್ಟಿ ದೇವರ ಗೂಡಿನಲ್ಲಿ ಇಟ್ಟಿದ್ದಳು.

ಬೀದರಿನ ಹಳೆಯ ಊರಿನಲ್ಲಿ, ಚೌಬಾರಾದಿಂದ ಗವಾನನ ಮದರಸಾದ ಕಡೆಗೆ ಹೋಗುವ ದಾರಿಯ ಒಂದು ಒಳಗಲ್ಲಿಯಲ್ಲಿ, ಪರವಾನೆಯುಳ್ಳ ವೃದ್ಧ ದುರಸ್ತಿಗಾರರೊಬ್ಬರಿದ್ದಾರೆ. ಊರೇ ಮದ್ದುಗುಂಡಿನ ನೆನಪಿನ ಊರು. ಆ ಮದರಸಾ 1472ರದು. 17ನೆಯ ಶತಮಾನದ ಕೊನೆಯಲ್ಲಿ ಒಳಗೆ ಕೂಡಿಟ್ಟಿದ್ದ ಮದ್ದು ಸಿಡಿದು ಅರ್ಧ ಕಟ್ಟಡ ಹಾರಿಹೋಯಿತೆಂದು ಹೇಳುತ್ತಾರೆ. ಎರಡು ಮಿನಾರುಗಳಲ್ಲಿ ಈಗ ಉಳಿದಿರುವುದು ಒಂದೇ. ಬೀದರಿ ಕೆಲಸದವರು ಸತುವಿನ ಪಾತ್ರೆಗೆ ಕಪ್ಪು ಬರಿಸಲು ನವಸಾಗರದೊಡನೆ ಕಲಸುವ ಕೋಟೆಯ ಹಳೆಮಣ್ಣಿನಲ್ಲಿ ಇರುವುದೂ ಪೆಟ್ಲುಪ್ಪಿನ ಗುಣವೇ. ಕರಿಮದ್ದಿಗೂ ಅದೇ ಬೇಕು. ಒಂದೇ ಉಪ್ಪು ಒಂದು ಕಡೆ ಹೂದಾನಿಯಾಗುತ್ತದೆ, ಇನ್ನೊಂದು ಕಡೆ ಗೋಪುರವನ್ನು ಹಾರಿಸುತ್ತದೆ.

ಅಪ್ಪನ ಪರವಾನೆ, ಗುರುತಿನ ಚೀಟಿ, ಅಪ್ಪ, ಕೌದಿಯಲ್ಲಿ ಸುತ್ತಿದ ಬಂದೂಕು, ಈ ನಾಲ್ಕನ್ನೂ ತಮ್ಮ ಕಾರಿನಲ್ಲಿ ಕರೆತಂದ. ಚಾಚಾ ಮೊದಲು ನಳಿಗೆಯನ್ನು ಮುರಿದು ತೆರೆದು, ಒಳಗೆ ತೋಟೆಯಿಲ್ಲವೆಂದು ಕಣ್ಣಿನಿಂದ ನೋಡಿ, ಆ ಮೇಲೆ ಕಿರುಬೆರಳು ಹಾಕಿಯೂ ನೋಡಿದರು. ದಫ್ತರಿನಲ್ಲಿ ನಂಬರು ಬರೆದರು. ಹೊಸ ಅಕ್ರೋಟು ಮರದಲ್ಲಿ ಹೊಸ ಕುಂದಾ ಮಾಡಿಸಿದರೆ ಎಷ್ಟಾದೀತೆಂದು ತಮ್ಮ ಕೇಳಿದ.

“ಬಂದೂಕಿಗಿಂತ ಕಟ್ಟಿಗಿ ತುಟ್ಟಿ ಆಗ್ತದರೀ,” ಎಂದು ಚಾಚಾ ನಕ್ಕರು. “ಹಳೇದೇ ಜೋಡಸ್ತೀನಿ. ತಿಂಗಳ ಬಿಟ್ಟು ಬರ್ರಿ. ಅವಸರ ಮಾಡಿದ್ರ ಬ್ಯಾರೆ ಕಡೀ ನೋಡ್ರಿ.”

ನಾನು ನಿವೃತ್ತ ಮಾಸ್ತರ, ಮನೆ ಬೀದರಿನಲ್ಲಿಯೇ, ಹೊತ್ತು ಬೇಕಾದಷ್ಟು. ಆ ಒಂದು ತಿಂಗಳು ನಾನು ಆ ಅಂಗಡಿಯ ಸ್ಟೂಲಿಗೆ ಹೆಚ್ಚುಕಡಮೆ ಬಾಡಿಗೆದಾರನಾದೆ. ಕಂಡದ್ದನ್ನು ಬರೆಯುತ್ತೇನೆ.

ಅಂಟಿಸುವುದು ಒಂದು ಗಳಿಗೆಯ ಕೆಲಸ. ಅಂಟುವಂತೆ ಮಾಡುವುದು ಹದಿನೈದು ದಿನದ ಕೆಲಸ. ಎಂಬತ್ತು ವರ್ಷದಿಂದ ಕೀಲುಗಳಿಗೆ ಹಾಕಿದ ಎಣ್ಣೆಯೆಲ್ಲ ಮೆಲ್ಲನೆ ಹಿಂದಕ್ಕೆ ಹರಿದು ಕತ್ತಿನ ಮರ ಕುಡಿದಿತ್ತು. ಎಣ್ಣೆ ಕುಡಿದ ಮರ ಯಾವ ಅಂಟನ್ನೂ ಹಿಡಿಯದು. ಚಾಚಾ ಸೀಮೆಸುಣ್ಣದ ಪುಡಿಯನ್ನು ಅಸಿಟೋನಿನಲ್ಲಿ ದೋಸೆಹಿಟ್ಟಿನಂತೆ ಕಲಸಿ ಮುರಿತದ ಎರಡೂ ಮುಖಗಳಿಗೆ ಬಳಿದರು. ಅದು ಒಣಗುತ್ತ ಮರದೊಳಗಿನ ಎಣ್ಣೆಯನ್ನು ಹೀರಿ ಹಳದಿಯಾಗುತ್ತದೆ. ಕೆರೆದು ಮತ್ತೆ ಬಳಿಯುವುದು. ಹಳದಿಯಾದರೆ ಮತ್ತೆ ಕೆರೆಯುವುದು. ಒಂಬತ್ತನೆಯ ಸಲಕ್ಕೆ ಸುಣ್ಣ ಬೆಳ್ಳಗೆ ಉಳಿಯಿತು. ಹಿಂದೆ ಯಾರೋ ತುಂಬಿದ್ದ ಸರೇಸಿನ ಅಂಟನ್ನು ಬಿಸಿನೀರಿನ ಬಟ್ಟೆಯಿಂದ ನೆನೆಸಿ ನೆನೆಸಿ, ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದರು. ಹೊಸ ಅಂಟು ಹಳೆಯ ಅಂಟಿನ ಮೇಲೆ ಕುಳಿತರೆ ಮರದ ಮೇಲೆ ಕುಳಿತಂತಾಗುವುದಿಲ್ಲವಂತೆ.

ಆಮೇಲೆ ಒಣ ಜೋಡಣೆ. ಅಂಟಿಲ್ಲದೆ ಎರಡೂ ತುಂಡುಗಳನ್ನು ಸೇರಿಸಿ, ಆರು ಚೂರುಗಳನ್ನೂ ಚಿಮಟಿಗೆಯಿಂದ ಅವುಗಳ ಜಾಗದಲ್ಲಿ ಕೂರಿಸಿ, ಎಲ್ಲಿ ಬೆಳಕು ಕಾಣುತ್ತದೆಂದು ನೋಡುವುದು. ಒಂದು ಎಳೆ ಅಡ್ಡ ನಿಂತರೂ ಸಂದು ಮುಚ್ಚದು. ಎರಡು ಟ್ಯೂಬಿನ ಅರಾಲ್ಡೈಟನ್ನು ಸಮನಾಗಿ ಕಲಸಿ, ಬಿಸಿಲಿನಲ್ಲಿಟ್ಟು ತೆಳುವಾಗಿಸಿ, ಎರಡು ಮುಖಕ್ಕೂ ಹಚ್ಚಿ ಸೇರಿಸಿದರು. ಕಬ್ಬಿಣದ ಬಾಲಕ್ಕೂ ತಿರುಪುಮೊಳೆಗೂ ಮೊದಲೇ ಮೇಣ ಸವರಿದ್ದರು. ಇಲ್ಲವಾದರೆ ಅವೂ ಮರದೊಡನೆ ಅಂಟಿ ಏಕದೇಹವಾಗುತ್ತಿದ್ದುವು. ಕತ್ತಿನಂಥ ಗುಂಡು ಆಕಾರವನ್ನು ಬಡಗಿಯ ಶಿಕಂಜಿಯಲ್ಲಿ ಹಿಡಿಯಲಾಗುವುದಿಲ್ಲ. ಅದಕ್ಕೆ ಅವರ ಉಪಾಯ ಸೈಕಲ್ಲಿನ ಹಳೆಯ ಒಳಟ್ಯೂಬು: ಉದ್ದ ಪಟ್ಟಿಯಾಗಿ ಕೊಯ್ದು, ಎಳೆದೆಳೆದು, ಸುತ್ತಿನ ಮೇಲೆ ಸುತ್ತು ಬಿಗಿದರು. ಎಲ್ಲ ಕಡೆಯಿಂದಲೂ ಒಂದೇ ಒತ್ತಡ. ಹೆಚ್ಚಾದ ಅಂಟು ಬೆವರಿನ ಹಾಗೆ ಹೊರಬಂತು.

ಎರಡು ದಿನದ ಮೇಲೆ ಬಿಚ್ಚಿ, ಲೋಹಕ್ಕೆ ಮುಖಕೊಡುವ ಕಡೆಯಿಂದ, ಅಂದರೆ ಕೂಡಿಸಿದ ಮೇಲೆ ಯಾರಿಗೂ ಕಾಣದ ಕಡೆಯಿಂದ, ಮುರಿತವನ್ನು ದಾಟುವಂತೆ ಎರಡು ಓರೆ ತೂತು ಕೊರೆದು, ತಿರುಪಿನ ಹಲ್ಲುಳ್ಳ ಎರಡು ಉಕ್ಕಿನ ಸಲಾಕೆಗಳನ್ನು ಅಂಟಿನೊಡನೆ ಇಳಿಸಿದರು. ನುಣುಪಾದ ಸಲಾಕೆಯಾದರೆ ಜಾರೀತು. ಹಲ್ಲಿದ್ದರೆ ಅಂಟು ಕಚ್ಚುತ್ತದೆ.

ನನಗೆ ಬಹಳ ಹಿಡಿಸಿದ್ದು ಮುಂದಿನ ಕೆಲಸ. ದೀಪದ ಕಪ್ಪನ್ನು ಎಣ್ಣೆಯಲ್ಲಿ ಕಲಸಿ ಲೋಹದ ಹಿಂಭಾಗಕ್ಕೆ ಕಾಡಿಗೆಯಂತೆ ಹಚ್ಚಿ, ಮರಕ್ಕೆ ಒತ್ತಿ ತೆಗೆಯುವುದು. ಕಪ್ಪು ಎಲ್ಲಿ ಮೂಡಿತೋ ಅಲ್ಲಿ ಮಾತ್ರ ಮರ ತಗಲುತ್ತಿದೆಯೆಂದು ಅರ್ಥ. ಮೊದಲ ಸಲ ಎಡಗಡೆ ಒಂದು ಕಾಳಿನಷ್ಟು ಗುರುತು ಬಂತು. ಒದೆತವೆಲ್ಲ ಆ ಕಾಳಿನ ಮೇಲೆ ಬಿದ್ದರೆ ಮರ ಸೀಳದೆ ಏನಾದೀತು? ಚಾಣದಿಂದ ಕೂದಲೆಳೆಯಷ್ಟು ಕೆತ್ತಿ, ಮತ್ತೆ ಕಪ್ಪು ಹಚ್ಚಿ, ಮತ್ತೆ ಒತ್ತಿ, ಎರಡೂ ಕಡೆ ಸಮವಾಗಿ ಮಸಿ ಮೂಡುವ ತನಕ ಮೂರು ದಿನ ಹಿಡಿಯಿತು. ಕೊನೆಗೆ ಉಜ್ಜುಕಾಗದ, ಅದರ ಮೇಲೆ ಕುದಿಸಿದ ಅಗಸೆಯೆಣ್ಣೆಯನ್ನು ಅಂಗೈಯಿಂದ ತಿಕ್ಕಿ ತಿಕ್ಕಿ ತೆಳುವಾಗಿ ಏಳು ಸಲ. ನಾವು ರೊಟ್ಟಿಗೆ ಹಚ್ಚಿಕೊಳ್ಳುವ ಅಗಸೆಯ ಹಿಂಡಿ, ಲಿಯೇಜಿನ ಬಂದೂಕಿನ ಹೊಳಪು, ಎರಡೂ ಒಂದೇ ಗಿಡದ್ದೆಂಬುದು ನನಗೆ ಹೊಸ ಸಂಗತಿ.

ಇದೆಲ್ಲ ಕೈಗಾರಿಕೆಯ ಮಾತಾಯಿತು. ನಡುವೆ, ನಾಲ್ಕನೆಯ ದಿನವೋ ಐದನೆಯ ದಿನವೋ, ಚಾಚಾ ನನ್ನನ್ನು ಕರೆದು ಬೆಳಕಿನ ಕೆಳಗೆ ಕೂರಿಸಿದ್ದರು. ತೊಗಲಿನ ಪಟ್ಟಿಯನ್ನು ಅವರು ಕೊಯ್ದಿರಲಿಲ್ಲ. ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿ ತೆಗೆದಿಟ್ಟಿದ್ದರು.

“ಮಾಸ್ತರ್ ಸಾಬ್, ಇಲ್ಲಿ ಮುರತ ಎರಡದಾವ. ಈ ಬೆಳ್ಳಗಿಂದು ಮೊನ್ನಿಂದು. ಈ ಕರೇದು ಹಳೇದು.”

ಮೊನ್ನೆಯ ಮುರಿತದ ಎಳೆಗಳು ಹರಿದ ಬಟ್ಟೆಯ ಅಂಚಿನ ಹಾಗೆ ಚೂಪುಚೂಪಾಗಿ ನಿಂತಿದ್ದುವು. ಏಟಿನಿಂದ ಬಗ್ಗಿ ಮುರಿದ ಮರದ ಲಕ್ಷಣವೇ ಅದು. ಹಳೆಯದು ಹಾಗಿರಲಿಲ್ಲ. ತಿರುಪುಮೊಳೆಯ ತೂತಿನಿಂದ ಹೊರಟು, ಎಳೆಯ ಗುಂಟ ನಯವಾಗಿ, ಬಿಸಿಲಿಗೆ ಕೆರೆಯಂಗಳ ಬಿರಿದ ಹಾಗೆ ಬಿರಿದಿತ್ತು. ತೂತಿನ ಸುತ್ತ ಮಸಿಯಂಥ ನೀಲಿಗಪ್ಪು ಕಲೆ. ಅಕ್ರೋಟು ಮರದ ಒಗರಿಗೆ ಕಬ್ಬಿಣದ ತುಕ್ಕು ಸೇರಿದರೆ ಆಗುವ ಬಣ್ಣ ಅದು. ಹಿಂದಿನ ಕಾಲದ ಬರವಣಿಗೆಯ ಮಸಿಯೂ ಹೀಗೆಯೇ ಆಗುತ್ತಿತ್ತು. ನಳಿಗೆಯ ಅಡಿಯಲ್ಲಿಯೂ ಒಂದೇ ಮಗ್ಗುಲಿಗೆ ತುಕ್ಕು ತಿಂದ ಗುಳಿಗಳು. ಕುಂದಾದ ಹಿಂಬದಿಯ ಮೂಲೆಗಳನ್ನು ತೋರಿಸಿದರು: ಎಲ್ಲಿಯೂ ನೆಗ್ಗಿಲ್ಲ.

“ಇದು ಯಾರಿಗೂ ಹೊಡದಿದ್ದಲ್ಲ. ಇದು ಮಣ್ಣಾಗ ಮಲಗಿದ್ದು. ಮೊದಲ ಥಂಡಿಗಿ ಉಬ್ಬೇದ, ಹೊರಗ ತಗದ ಮ್ಯಾಲ ಒಣಗಿ ಸೀಳೇದ.” ಹೀಗೆಂದು, ಕೀಲಿನ ಗುಳಿಯ ಹಳೆಯ ಜಿಡ್ಡಿನಿಂದ ಸೂಜಿಯಲ್ಲಿ ಎತ್ತಿ ಕಾಗದದ ಮೇಲಿಟ್ಟಿದ್ದ ಒಂದು ವಸ್ತುವನ್ನು ನನ್ನೆಡೆಗೆ ಸರಿಸಿದರು. ಜೋಳದ ಹೊಟ್ಟು.

ನಾನು ಆ ದಿನ ಮನೆಗೆ ನಡೆದೇ ಬಂದೆ. ಜೋಳದ ಹೊಟ್ಟು ಎಂದರೆ ಹಗೇವು. ಮರಾಠಿಯವರು ಪೇವು ಎನ್ನುವರಲ್ಲ, ನೆಲದೊಳಗಿನ ಧಾನ್ಯದ ಕಣಜ. ಬಂದೂಕು ಹಗೇವಿನಲ್ಲಿ ಅಡಗಿತ್ತು. ಅಂದಮೇಲೆ ಏಟೆಲ್ಲಿಯದು? ತಮ್ಮನ ಮುಖ ಕಣ್ಣೆದುರು ಬಂತು. ಮುತ್ಯಾ ಹೆದರಿ ಬಂದೂಕನ್ನು ಹೂತನೆಂದು ಈ ವಯಸ್ಸಿನಲ್ಲಿ ಅಪ್ಪನೆದುರು ಹೇಳುವುದೆ? ಹೇಳದೆ ಬಿಡುವುದೆ? ಕೊನೆಗೆ, ಬಂದೂಕು ಒಯ್ಯಲು ಅಪ್ಪ ಸಹಿ ಮಾಡಬೇಕೆಂದು ಬಂದು ನಮ್ಮ ಮನೆಯಲ್ಲಿ ಉಳಿದ ರಾತ್ರಿ, ಚಾಚಾ ಹೇಳಿದ್ದನ್ನು ಹೆಚ್ಚೂ ಕಡಮೆಯೂ ಮಾಡದೆ ಅಪ್ಪನಿಗೂ ತಮ್ಮನಿಗೂ ಹೇಳಿದೆ.

ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ಆ ಮೇಲೆ, “ಆ ಮನಶ್ಯಾ ಖರೇ ಹೇಳ್ಯಾನ,” ಎಂದರು.

ಅವರಿಗೆ ಆಗ ಹತ್ತು ವರ್ಷ. ಬಂದೂಕು ಹಗೇವಿಗೆ ಇಳಿದದ್ದು ರಜಾಕಾರರ ಬೇಸಗೆಯಲ್ಲಿ ಅಲ್ಲವಂತೆ. 1948ರ ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಬಂದು, ನಿಜಾಮರ ಆಳಿಕೆ ಮುಗಿದು, ಊರಲ್ಲಿ ಸಕ್ಕರೆ ಹಂಚಿದ ಮೇಲೆ. ಅದರ ಮರುವಾರದಿಂದ ಸೇಡಿನ ದಿನಗಳು ಶುರುವಾದುವು. ದಿಲ್ಲಿಯ ಸರಕಾರ ಕಳುಹಿಸಿದ ಸುಂದರಲಾಲ್ ಸಮಿತಿ, ಬಹುಕಾಲ ಪ್ರಕಟವಾಗದೆ ಉಳಿದ ತನ್ನ ವರದಿಯಲ್ಲಿ, ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರನ್ನೂ ಎಣಿಸಿದೆ. ನಮ್ಮ ಮನೆಯ ಬೆನ್ನಿಗೆ ಒಂದು ದರ್ಜಿಯ ಮನೆ. ರಜಾಕಾರರಿಗೂ ಅವರಿಗೂ ಯಾವ ಸಂಬಂಧವೂ ಇರಲಿಲ್ಲ. ಮುತ್ಯಾನ ಅಂಗಿಯನ್ನೂ ಅಪ್ಪನ ಚಡ್ಡಿಯನ್ನೂ ಹೊಲಿದವರು ಅವರು. ಆ ಮನೆಯ ಏಳು ಜನ ಹನ್ನೊಂದು ದಿನ ನಮ್ಮ ಕಾಳಿನ ಕೋಣೆಯಲ್ಲಿ ಮೂಟೆಗಳ ಹಿಂದೆ ಇದ್ದರು.

“ದಿನಾ ಸಂಜಿಗಿ ಮಂದಿ ಬರ್ತಿದ್ರು. ನಮ್ಮ ಊರಿನ ಮಂದೀನೇ. ‘ಗೌಡ್ರೇ, ನೀವು ಬರಬ್ಯಾಡ್ರಿ, ನಿಮ್ಮ ಬಂದೂಕ ಕೊಡ್ರಿ’ ಅಂತಿದ್ರು. ನಿಮ್ಮ ಮುತ್ಯಾ, ಬಂದೂಕ ಬಾವಿಗಿ ಒಗದೀನಿ ಅಂದ್ರು. ರಾತ್ರಿ ನಾ ಕಂದೀಲ ಹಿಡದಿದ್ದೆ, ಅವರು ಹಗೇದಾಗ ಇಳಿಸಿದ್ರು. ದೀಪಾವಳಿ ಆದ ಮ್ಯಾಲ ತಗದ್ರು.”

“ಮತ್ತ ಆ ಹೊಡದ ಕಥಿ?” ತಮ್ಮ ಕೇಳಿದ.

“ತೊಗಲು ಹೊಲಿಸಿದ್ದು ನೋಡಿ ಮಂದೀನೇ ಅಂದ್ರು, ರಜಾಕಾರರಿಗಿ ಹೊಡದು ಮುರದಾನ ಅಂತ. ಮುತ್ಯಾ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಬಾವಿಗಿ ಒಗದದ್ದು ಹ್ಯಾಂಗ ಬಂತು ಅಂತ ಯಾರೂ ಕೇಳಲಿಲ್ಲಲ್ಲ, ಅಷ್ಟು ಸಾಕಾಗಿತ್ತು.”

ದರ್ಜಿಯ ಮನೆಯವರು ಏನಾದರೆಂದು ನಾನು ಕೇಳಿದೆ. ಎತ್ತಿನ ಗಾಡಿಯಲ್ಲಿ ಮೇವಿನ ಕೆಳಗೆ ಬೀದರಿಗೆ ಬಂದು, ಅಲ್ಲಿಂದ ಹೈದರಾಬಾದಿಗೆ ಹೋದರಂತೆ. ಒಂದೆರಡು ವರ್ಷ ಉರ್ದುವಿನಲ್ಲಿ ಕಾರ್ಡು ಬರುತ್ತಿತ್ತು. ಮುತ್ಯಾನಿಗೆ ಉರ್ದು ಬರುತ್ತಿರಲಿಲ್ಲ. ಅಪ್ಪ ಓದಿ ಹೇಳುತ್ತಿದ್ದರು. ಆಮೇಲೆ ನಿಂತಿತು.

ಮರುದಿನ ಅಂಗಡಿಯಲ್ಲಿ ಅಪ್ಪ ಬಂದೂಕನ್ನು ತೊಡೆಯ ಮೇಲೆ ಇಟ್ಟುಕೊಂಡು ಕತ್ತಿನ ಮೇಲೆ ಬೆರಳಾಡಿಸಿದರು. ಅವರ ಕಣ್ಣು ಮಂಜಾಗಿದೆ, ಬೆರಳು ಮಂಜಾಗಿಲ್ಲ. ಎರಡು ಸಲ ಸುತ್ತಿ ಬಂದರೂ ಕೂಡಿಸಿದ ಗೆರೆ ಅವರಿಗೆ ಸಿಗಲಿಲ್ಲ. ಚಾಚಾ ತೊಗಲಿನ ಪಟ್ಟಿಯನ್ನು ಕಾಗದದಲ್ಲಿ ಸುತ್ತಿ ಮುಂದಿಟ್ಟು, ಬೇಕಾದರೆ ಶೋಭೆಗೆಂದು ಮತ್ತೆ ಹೊಲಿದುಕೊಡುವುದಾಗಿ ಹೇಳಿದರು. ಅಪ್ಪ ಬೇಡವೆಂದರು. ಆದರೆ ಪೊಟ್ಟಣವನ್ನು ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡರು. ಉರ್ದುವಿನಲ್ಲಿ ಅವರಿಬ್ಬರೂ ಏನೋ ಮಾತನಾಡಿದರು. ನನಗೆ ಪೂರ್ತಿ ತಿಳಿಯಲಿಲ್ಲ. ಮಜೂರಿಯ ಹಣದಲ್ಲಿ ಚಾಚಾ ಅರಾಲ್ಡೈಟಿನ ಬೆಲೆಯನ್ನು ಹಿಡಿಯಲಿಲ್ಲ.

ಬಂದೂಕು ಈಗ ತಮ್ಮನ ಕಬ್ಬಿಣದ ಕಪಾಟಿನಲ್ಲಿದೆ. ಅರ್ಜಿ ಬೀದರಿನ ಕಚೇರಿಯಲ್ಲಿದೆ. ಈ ವರ್ಷ ಸೆಪ್ಟೆಂಬರ್ 17ರ ಭಾಷಣಕ್ಕೆ ಹೆಸರು ಬರೆದುಕೊಳ್ಳಲು ಶಾಲೆಯ ಹುಡುಗರು ಬಂದಾಗ, ಹೊಲದಲ್ಲಿ ಕೆಲಸವಿದೆಯೆಂದು ಹೇಳಿ ಕಳುಹಿಸಿದನಂತೆ. ಹೆಸರಿನ ರಾಶಿ ಮುಗಿದು ಎಷ್ಟೋ ದಿನವಾಗಿತ್ತು. ಸೋಯಾ ಇನ್ನೂ ಹಸಿರಾಗಿತ್ತು.